ಆರಂಭಿಕರ ಹಂತಹಂತದ ಓಟದ ತರಬೇತಿ

ಆರಂಭಿಕರ ಹಂತಹಂತದ ಓಟದ ತರಬೇತಿ ಎಂದರೆ ವ್ಯಾಯಾಮದ ರೂಢಿಯಿಲ್ಲದವರನ್ನು ಕೆಲವು ವಾರಗಳಲ್ಲಿ ನಿಲ್ಲದೆ ಸುಮಾರು ಅರ್ಧ ಗಂಟೆ ಓಡುವ ಮಟ್ಟಕ್ಕೆ ತರುವ ವ್ಯವಸ್ಥಿತ ಕ್ರಮ. ಇದು ನಡಿಗೆಯಿಂದ ಆರಂಭವಾಗುತ್ತದೆ. ಅನಂತರ ನಡಿಗೆಯ ನಡುವೆ ಚಿಕ್ಕ ಚಿಕ್ಕ ಓಟದ ಅವಧಿಗಳನ್ನು ಸೇರಿಸಿ, ವಾರದಿಂದ ವಾರಕ್ಕೆ ಓಟದ ಪಾಲನ್ನು ಹೆಚ್ಚಿಸುತ್ತ ನಡಿಗೆಯ ಪಾಲನ್ನು ತಗ್ಗಿಸಲಾಗುತ್ತದೆ. ವಾರಕ್ಕೆ ಮೂರು ದಿನದ ಅಭ್ಯಾಸ, ನಡುವೆ ವಿಶ್ರಾಂತಿಯ ದಿನಗಳು ಮತ್ತು ವೇಗದ ಬದಲು ಅವಧಿಗೆ ಕೊಡುವ ಪ್ರಾಶಸ್ತ್ಯ ಇದರ ಮುಖ್ಯ ಲಕ್ಷಣಗಳು. ಈ ಬಗೆಯ ಕಾರ್ಯಕ್ರಮಗಳಲ್ಲಿ 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ರೂಪಿಸಿದ ಒಂಬತ್ತು ವಾರಗಳ ‘ಕೌಚ್ ಟು ಫೈವ್ ಕೆ’ ಅತ್ಯಂತ ಪ್ರಸಿದ್ಧವಾದುದು.

ಕರ್ನಾಟಕದಲ್ಲಿ ಓಟವನ್ನು ಹೊಸದಾಗಿ ಆರಂಭಿಸುವವರಲ್ಲಿ ಎರಡು ದೊಡ್ಡ ಗುಂಪುಗಳಿವೆ. ಮಧುಮೇಹ, ರಕ್ತದೊತ್ತಡ ಅಥವಾ ಹೃದ್ರೋಗದ ಭಯದಿಂದ ವ್ಯಾಯಾಮಕ್ಕೆ ಮನಸ್ಸು ಮಾಡಿದ ಮಧ್ಯವಯಸ್ಕರು ಒಂದು ಗುಂಪು. ಪೊಲೀಸ್ ಮತ್ತು ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧರಾಗುವ ಯುವಜನರು ಇನ್ನೊಂದು ಗುಂಪು. ಉದ್ದೇಶಗಳು ಬೇರೆಯಾದರೂ ಇಬ್ಬರಿಗೂ ಎದುರಾಗುವ ಅಪಾಯ ಒಂದೇ: ದೇಹ ಸಿದ್ಧವಾಗುವ ಮೊದಲೇ ಹೆಚ್ಚು ಓಡುವುದು.

== ಇತಿಹಾಸ ==

ಸ್ಪರ್ಧೆಗಾಗಿ ಅಲ್ಲದೆ ಆರೋಗ್ಯಕ್ಕಾಗಿ ಸಾಮಾನ್ಯ ಜನರು ನಿಧಾನವಾಗಿ ಓಡುವ ಪದ್ಧತಿ 1960ರ ದಶಕದಲ್ಲಿ ರೂಪುಗೊಂಡಿತು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಆಕ್ಲೆಂಡಿನಲ್ಲಿ ಮಧ್ಯವಯಸ್ಕರನ್ನು, ಅವರಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡವರನ್ನೂ ಸೇರಿಸಿ, ನಿಧಾನವಾಗಿ ಓಡಿಸುತ್ತಿದ್ದರು. 1962ರಲ್ಲಿ ಅಲ್ಲಿಗೆ ಭೇಟಿ ನೀಡಿದ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬವರ್‌ಮನ್ ಈ ಪದ್ಧತಿಯನ್ನು ತಮ್ಮ ಊರಿಗೆ ಕೊಂಡೊಯ್ದರು ಮತ್ತು ಹೃದ್ರೋಗ ತಜ್ಞ ವಾಲ್ಡೊ ಹ್ಯಾರಿಸ್ ಅವರೊಡನೆ ‘ಜಾಗಿಂಗ್’ ಎಂಬ ಪುಸ್ತಕವನ್ನು ಬರೆದರು. 1968ರಲ್ಲಿ ವೈದ್ಯ ಕೆನೆತ್ ಕೂಪರ್ ಅವರ ‘ಏರೋಬಿಕ್ಸ್’ ಪುಸ್ತಕ ಪ್ರಕಟವಾಯಿತು. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ ಜೆಫ್ ಗ್ಯಾಲೊವೆ 1974ರಲ್ಲಿ ಹೊಸಬರಿಗಾಗಿ ತರಗತಿ ನಡೆಸುತ್ತ ಓಟದ ನಡುವೆ ನಿಯತವಾಗಿ ನಡೆಯುವ ಕ್ರಮವನ್ನು ಬೆಳೆಸಿದರು. ಅದುವರೆಗೆ ನಡೆಯುವುದನ್ನು ಸೋಲೆಂದು ಭಾವಿಸಲಾಗುತ್ತಿತ್ತು. ಗ್ಯಾಲೊವೆ ಅದನ್ನು ತರಬೇತಿಯ ಒಂದು ಭಾಗವನ್ನಾಗಿಸಿದರು.

ಜಾಶ್ ಕ್ಲಾರ್ಕ್ ತಮ್ಮ ಕಾರ್ಯಕ್ರಮವನ್ನು ಅಂತರಜಾಲದಲ್ಲಿ ಉಚಿತವಾಗಿ ಪ್ರಕಟಿಸಿದ್ದರಿಂದ ಅದು ಬಹುಬೇಗ ಹರಡಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಅದೇ ಮಾದರಿಯನ್ನು ಮೊದಲು ಧ್ವನಿಮುದ್ರಿಕೆಗಳ ರೂಪದಲ್ಲಿ, ಬಳಿಕ 2016ರಲ್ಲಿ ಮೊಬೈಲ್ ಆ್ಯಪ್ ರೂಪದಲ್ಲಿ ಜನರಿಗೆ ಒದಗಿಸಿತು.

=== ಕರ್ನಾಟಕದಲ್ಲಿ ===

ದೂರದ ಓಟಕ್ಕೆ ಕರ್ನಾಟಕದಲ್ಲಿ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಭಾಗವಹಿಸಿ 19ನೆಯ ಸ್ಥಾನ ಪಡೆದರು. ಆದರೆ ಕ್ರೀಡಾಪಟುಗಳಲ್ಲದ ಸಾಮಾನ್ಯರು ದೊಡ್ಡ ಸಂಖ್ಯೆಯಲ್ಲಿ ಓಟಕ್ಕೆ ಇಳಿದದ್ದು 2000ದ ನಂತರ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ‘ವರ್ಲ್ಡ್ 10ಕೆ’ ಓಟದಲ್ಲಿ ಅಂತರರಾಷ್ಟ್ರೀಯ ಓಟಗಾರರ ಜೊತೆಗೆ ಸಾವಿರಾರು ಹವ್ಯಾಸಿಗಳೂ ಪಾಲ್ಗೊಳ್ಳುತ್ತಾರೆ. ಇದರ ಕಡಿಮೆ ದೂರದ ‘ಮಜಾ ರನ್’ ಹೊಸಬರಿಗಾಗಿಯೇ ಇರುವ ವಿಭಾಗ. ಶ್ರೀರಂಗಪಟ್ಟಣದ ಬಳಿ ಕಾಲುವೆಯ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್ ಮಣ್ಣಿನ ಹಾದಿಯ ಓಟಕ್ಕೆ ಹೆಸರಾಗಿದೆ. ರನ್ನರ್ಸ್ ಫಾರ್ ಲೈಫ್, ರನ್ನರ್ಸ್ ಹೈ, ಜಯನಗರ ಜಾಗ್ವಾರ್ಸ್ ಮೊದಲಾದ ಬೆಂಗಳೂರಿನ ಬಳಗಗಳು ಸಾಮಾನ್ಯ ಜನರಿಗೆ ಓಟದ ಪರಿಚಯ ಮಾಡಿಸಿವೆ. 2012ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಬೆಂಗಳೂರಿಗೂ ಬಂದ ಮಹಿಳೆಯರ ಓಟ ‘ಪಿಂಕಥಾನ್’ 3 ಮತ್ತು 5 ಕಿಲೋಮೀಟರ್‌ಗಳ ವಿಭಾಗಗಳ ಮೂಲಕ ಎಂದೂ ಓಡದ ಅನೇಕ ಹೆಂಗಸರನ್ನು ರಸ್ತೆಗೆ ತಂದಿತು. 2019ರ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು ಕೇಂದ್ರ ಸರ್ಕಾರ ‘ಫಿಟ್ ಇಂಡಿಯಾ’ ಆಂದೋಲನವನ್ನು ಆರಂಭಿಸಿತು.

ಸಂಘಟಿತ ಬಳಗಗಳು ಹೆಚ್ಚಾಗಿ ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿವೆ. ತಾಲ್ಲೂಕು ಕೇಂದ್ರಗಳಲ್ಲಿಯೂ ಹಳ್ಳಿಗಳಲ್ಲಿಯೂ ಹೊಸಬರು ಸಾಮಾನ್ಯವಾಗಿ ತರಬೇತುದಾರರಿಲ್ಲದೆ ಓಡಲು ಆರಂಭಿಸುತ್ತಾರೆ. ಆದ್ದರಿಂದ ಗಡಿಯಾರವೊಂದಿದ್ದರೆ ಯಾರಾದರೂ ಅನುಸರಿಸಬಹುದಾದ ಲಿಖಿತ ಕ್ರಮಕ್ಕೆ ಅಲ್ಲಿ ಹೆಚ್ಚಿನ ಪ್ರಯೋಜನವಿದೆ.

== ಆರೋಗ್ಯದ ಹಿನ್ನೆಲೆ ==

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕು. ಬಿರುಸು ನಡಿಗೆ ಮಧ್ಯಮ ಶ್ರಮಕ್ಕೂ ಓಟ ತೀವ್ರ ಶ್ರಮಕ್ಕೂ ಉದಾಹರಣೆ. 2022ರ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಕನಿಷ್ಠ ಮಟ್ಟವನ್ನು ತಲುಪುವುದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದು ಅಂದಾಜಿಸಿತು.

2014ರಲ್ಲಿ ಪ್ರಕಟವಾದ, ಅಮೆರಿಕದ 55,137 ವಯಸ್ಕರನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಓಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಂಭವಿಸುವ ಸಾವು ಓಡದವರಿಗಿಂತ ಸುಮಾರು ಶೇ. 45ರಷ್ಟು ಕಡಿಮೆಯಿರುವುದು ಕಂಡುಬಂತು. ದಿನಕ್ಕೆ ಐದು–ಹತ್ತು ನಿಮಿಷ ನಿಧಾನವಾಗಿ ಓಡುವವರಲ್ಲಿಯೂ ಈ ಲಾಭ ಗಣನೀಯವಾಗಿತ್ತು. ಇದು ವೀಕ್ಷಣೆಯನ್ನು ಆಧರಿಸಿದ ಅಧ್ಯಯನವಾದ್ದರಿಂದ ಓಟವೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು.

=== ಹೃದಯಾಘಾತದ ಭಯ ===

2021ರ ಅಕ್ಟೋಬರ್ 29ರಂದು 46 ವರ್ಷದ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ನಿಧನರಾದ ನಂತರ ವ್ಯಾಯಾಮವೇ ಅಪಾಯಕಾರಿಯೆಂಬ ಅನುಮಾನ ಕರ್ನಾಟಕದಲ್ಲಿ ಹಬ್ಬಿತು. 2025ರ ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಅಲ್ಪಾವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವುಗಳು ವರದಿಯಾದಾಗ ಈ ಆತಂಕ ಮರುಕಳಿಸಿತು. ಮೃತಪಟ್ಟವರಲ್ಲಿ ಯುವಕರೂ ಇದ್ದುದರಿಂದ ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ರಾಜ್ಯ ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಯಿಂದ ವರದಿ ಪಡೆಯಿತು. ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿದ್ದಕ್ಕೆ ಆಧಾರ ದೊರೆಯಲಿಲ್ಲ. ಮಧುಮೇಹ, ರಕ್ತದೊತ್ತಡ, ಧೂಮಪಾನ ಮತ್ತು ಬೊಜ್ಜಿನಂತಹ ಅಪಾಯಕಾರಿ ಅಂಶಗಳತ್ತ ವರದಿಗಳು ಗಮನ ಸೆಳೆದವು.

ವ್ಯಾಯಾಮ ಮತ್ತು ಹೃದಯಾಘಾತದ ಸಂಬಂಧ ಎರಡು ಮುಖಗಳುಳ್ಳದ್ದು. 1993ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಹೃದಯಾಘಾತಕ್ಕೆ ಒಳಗಾದ 1,228 ರೋಗಿಗಳನ್ನು ಸಂದರ್ಶಿಸಲಾಗಿತ್ತು. ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವವು ಸಾಮಾನ್ಯ ಸಮಯಕ್ಕಿಂತ, ವಾರಕ್ಕೆ ಒಮ್ಮೆಯೂ ವ್ಯಾಯಾಮ ಮಾಡದವರಲ್ಲಿ 107 ಪಟ್ಟು ಹೆಚ್ಚಿತ್ತು. ವಾರಕ್ಕೆ ಐದು ಅಥವಾ ಹೆಚ್ಚು ಬಾರಿ ವ್ಯಾಯಾಮ ಮಾಡುವವರಲ್ಲಿ ಅದು 2.4 ಪಟ್ಟು ಮಾತ್ರ ಇತ್ತು. ಯಾವುದೇ ಒಂದು ಗಂಟೆಯಲ್ಲಿ ಆರೋಗ್ಯವಂತನಿಗೆ ಹೃದಯಾಘಾತವಾಗುವ ಸಂಭವ ಅತ್ಯಲ್ಪವಾದ್ದರಿಂದ ಈ ಪಟ್ಟುಗಳು ಕಂಡಷ್ಟು ಭಯಾನಕವಲ್ಲ. ಆದರೆ ಅವುಗಳ ನಡುವಿನ ಅಂತರ ಗಮನಾರ್ಹ. ವ್ಯಾಯಾಮದ ರೂಢಿಯಿಲ್ಲದ ದೇಹವನ್ನು ಒಮ್ಮೆಲೇ ತೀವ್ರ ಶ್ರಮಕ್ಕೆ ದೂಡುವುದು ಅಪಾಯಕರ. ರೂಢಿಯಾದಂತೆ ಆ ಅಪಾಯ ಇಳಿಯುತ್ತದೆ. ಹಂತಹಂತದ ತರಬೇತಿಯು ಮೊದಲ ವಾರಗಳನ್ನು ಬಹುಪಾಲು ನಡಿಗೆಯಲ್ಲಿಯೇ ಕಳೆಯುವಂತೆ ಮಾಡುವುದರ ಒಂದು ಕಾರಣ ಇದು.

== ತರಬೇತಿಯ ತತ್ವ ==

ದೇಹದ ಎಲ್ಲ ಭಾಗಗಳೂ ಓಟಕ್ಕೆ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ನಿಯಮಿತ ಅಭ್ಯಾಸದ ಕೆಲವೇ ವಾರಗಳಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ. ಹೃದಯವು ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಸ್ನಾಯುಗಳಲ್ಲಿ ಲೋಮನಾಳಗಳೂ ಶಕ್ತಿಯನ್ನು ಉತ್ಪಾದಿಸುವ ಮೈಟೋಕಾಂಡ್ರಿಯಗಳೂ ವೃದ್ಧಿಯಾಗುತ್ತವೆ. ಹೀಗಾಗಿ ಮೊದಲು ಏದುಸಿರು ತರಿಸುತ್ತಿದ್ದ ದೂರ ಬೇಗನೆ ಸುಲಭವೆನಿಸುತ್ತದೆ.

ಮೂಳೆಗಳು ಮತ್ತು ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಬಲಗೊಳ್ಳಲು ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಯಲ್ಲಿ ಒಂದೇ ಕಾಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. ನಡಿಗೆಯಲ್ಲಿ ಇದು ದೇಹತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಹೊಸ ಹೊರೆ ಬಿದ್ದಾಗ ಮೂಳೆಯ ಹಳೆಯ ಅಂಶವು ಕರಗಿ ಹೊಸದು ಕಟ್ಟಿಕೊಳ್ಳುತ್ತದೆ. ಕಟ್ಟುವ ಕೆಲಸ ಮುಗಿಯುವ ಮೊದಲೇ ಹೊರೆ ಮತ್ತೆ ಮತ್ತೆ ಬಿದ್ದರೆ ನೋವು, ಊತ, ಕೊನೆಗೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಉಂಟಾಗಬಹುದು. ಆರಂಭಿಕರಿಗೆ ಗಾಯಗಳು ಮೊದಲ ದಿನಕ್ಕಿಂತ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ, ಅಂದರೆ ಉಸಿರು ಪಳಗಿ ಉತ್ಸಾಹ ಹೆಚ್ಚಿದ ಹೊತ್ತಿನಲ್ಲಿ, ಕಾಣಿಸಿಕೊಳ್ಳುವುದಕ್ಕೆ ಈ ಅಂತರವೇ ಮುಖ್ಯ ಕಾರಣ. ‘ಇನ್ನೂ ಓಡಬಲ್ಲೆ’ ಎಂದು ಉಸಿರು ಹೇಳುವಾಗಲೂ ಅಂದಿನ ಅಭ್ಯಾಸವನ್ನು ನಿಗದಿತ ಸಮಯಕ್ಕೆ ನಿಲ್ಲಿಸುವುದು ಈ ಕ್ರಮದ ತಿರುಳು.

ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಶ್ರಮ ಹೊಸದಲ್ಲವಾದರೂ ಓಟದ ಹೆಜ್ಜೆಯ ಹೊಡೆತ ಹೊಸದು. ಅವರಿಗೂ ಆರಂಭದ ವಾರಗಳು ಅಗತ್ಯವೇ.

=== ವೇಗವನ್ನು ಗುರುತಿಸುವ ಬಗೆ ===

ಸರಿಯಾದ ವೇಗವನ್ನು ತಿಳಿಯಲು ಮಾತಿನ ಪರೀಕ್ಷೆ ಸರಳವಾದ ಸಾಧನ. ಓಡುತ್ತಲೇ ಒಂದು ಪೂರ್ಣ ವಾಕ್ಯವನ್ನು ತಡವರಿಸದೆ ಹೇಳಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಮೂರು ಪದಗಳಿಗೇ ಉಸಿರು ಸಿಕ್ಕಿಕೊಂಡರೆ ವೇಗ ಹೆಚ್ಚಾಗಿದೆ. ಆರಂಭಿಕರಿಗೆ ಈ ವೇಗವು ಬಿರುಸು ನಡಿಗೆಗಿಂತ ತುಸುವೇ ಹೆಚ್ಚಿರಬಹುದು. ವಯಸ್ಸನ್ನು 220ರಿಂದ ಕಳೆದು ಗರಿಷ್ಠ ಹೃದಯಬಡಿತವನ್ನು ಅಂದಾಜಿಸುವ ಸೂತ್ರವೂ ಬಳಕೆಯಲ್ಲಿದೆ. ಅದು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಹೃದಯಬಡಿತವನ್ನೇ ತಗ್ಗಿಸುವುದರಿಂದ ಅವನ್ನು ಸೇವಿಸುವವರಿಗೆ ಮಾತಿನ ಪರೀಕ್ಷೆಯೇ ಹೆಚ್ಚು ಉಪಯುಕ್ತ.

== ಒಂಬತ್ತು ವಾರಗಳ ಮಾದರಿ ==

ಕ್ಲಾರ್ಕ್ ಅವರ ಕಾರ್ಯಕ್ರಮದ ಸ್ಥೂಲ ರೂಪ ಕೆಳಗಿನಂತಿದೆ. ವಾರಕ್ಕೆ ಮೂರು ದಿನ ಅಭ್ಯಾಸವಿದ್ದು ಪ್ರತಿದಿನವೂ ಮೊದಲು ಐದು ನಿಮಿಷದ ಬಿರುಸು ನಡಿಗೆಯಿಂದ ಮೈಯನ್ನು ಬೆಚ್ಚಗಾಗಿಸಿಕೊಳ್ಳಬೇಕು.

* 1ನೆಯ ವಾರ: 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಒಟ್ಟು 20 ನಿಮಿಷ.
* 2ನೆಯ ವಾರ: 90 ಸೆಕೆಂಡು ಓಟ, 2 ನಿಮಿಷ ನಡಿಗೆ, ಒಟ್ಟು 20 ನಿಮಿಷ.
* 3ನೆಯ ವಾರ: 90 ಸೆಕೆಂಡು ಓಟ, 90 ಸೆಕೆಂಡು ನಡಿಗೆ, 3 ನಿಮಿಷ ಓಟ, 3 ನಿಮಿಷ ನಡಿಗೆ; ಇದನ್ನು ಎರಡು ಬಾರಿ.
* 4ನೆಯ ವಾರ: 3, 5, 3 ಮತ್ತು 5 ನಿಮಿಷಗಳ ಓಟ, ನಡುವೆ ಒಂದೂವರೆಯಿಂದ ಎರಡೂವರೆ ನಿಮಿಷ ನಡಿಗೆ.
* 5ನೆಯ ವಾರ: ಮೊದಲ ದಿನ 5 ನಿಮಿಷಗಳ ಮೂರು ಓಟ, ಎರಡನೆಯ ದಿನ 8 ನಿಮಿಷಗಳ ಎರಡು ಓಟ, ಮೂರನೆಯ ದಿನ ನಿಲ್ಲದೆ 20 ನಿಮಿಷ ಓಟ.
* 6ನೆಯ ವಾರ: ಮೊದಲೆರಡು ದಿನ ನಡಿಗೆ ಬೆರೆತ ಓಟ, ಮೂರನೆಯ ದಿನ ನಿಲ್ಲದ ಓಟ.
* 7ನೆಯ ವಾರ: ನಿಲ್ಲದೆ 25 ನಿಮಿಷ ಓಟ.
* 8ನೆಯ ವಾರ: ನಿಲ್ಲದೆ 28 ನಿಮಿಷ ಓಟ.
* 9ನೆಯ ವಾರ: ನಿಲ್ಲದೆ 30 ನಿಮಿಷ ಓಟ.

ಅಭ್ಯಾಸ ಮುಗಿದ ಮೇಲೆ ಐದು ನಿಮಿಷ ನಿಧಾನವಾಗಿ ನಡೆದು ಉಸಿರನ್ನು ಸಹಜ ಸ್ಥಿತಿಗೆ ತರಬೇಕು. ವಿಶ್ರಾಂತಿಯ ದಿನಗಳಲ್ಲಿ ಮನೆಗೆಲಸ, ನಡಿಗೆ, ಸೈಕಲ್ ಸವಾರಿಗಳಿಗೆ ಅಡ್ಡಿಯಿಲ್ಲ. ಆದರೆ ಎರಡು ದಿನ ಒಂದರ ಬೆನ್ನಿಗೊಂದು ಓಡುವುದನ್ನು ಮೊದಲ ತಿಂಗಳುಗಳಲ್ಲಿ ತಪ್ಪಿಸಲಾಗುತ್ತದೆ. ವಾರಕ್ಕೆ ಎರಡು ದಿನ ಬಸ್ಕಿ, ಹಿಮ್ಮಡಿ ಎತ್ತಿ ಇಳಿಸುವುದು ಮೊದಲಾದ ಬಲವರ್ಧಕ ವ್ಯಾಯಾಮಗಳನ್ನು ಸೇರಿಸಬಹುದು.

=== ಮಾದರಿಯ ಹೊಂದಾಣಿಕೆ ===

ಒಂಬತ್ತು ವಾರ ಎಂಬುದು ಗಡುವಲ್ಲ. ಒಂದು ವಾರದ ಅಭ್ಯಾಸ ಕಠಿಣವೆನಿಸಿದರೆ ಅದನ್ನೇ ಪುನರಾವರ್ತಿಸಬಹುದು. ಒಂಬತ್ತು ವಾರದ ಕ್ರಮವನ್ನು ಹದಿನೈದು ವಾರಗಳಲ್ಲಿ ಮುಗಿಸಿದರೂ ಫಲದಲ್ಲಿ ಕೊರತೆಯಿಲ್ಲ. ಐದನೆಯ ವಾರದಲ್ಲಿ ಎಂಟು ನಿಮಿಷದಿಂದ ಇಪ್ಪತ್ತು ನಿಮಿಷಕ್ಕೆ ಜಿಗಿಯುವುದು ಅನೇಕರಿಗೆ ತೊಡಕಿನ ಘಟ್ಟ. ಅಲ್ಲಿ 10 ಮತ್ತು 15 ನಿಮಿಷಗಳ ಮೆಟ್ಟಿಲುಗಳನ್ನು ಸೇರಿಸಿಕೊಳ್ಳಬಹುದು. ಐವತ್ತು ದಾಟಿದವರು, ಹೆಚ್ಚು ದೇಹತೂಕವುಳ್ಳವರು ಮತ್ತು ಬಹುಕಾಲ ಕುಳಿತೇ ಕೆಲಸ ಮಾಡಿದವರು ಓಟವನ್ನು ಸೇರಿಸುವ ಮೊದಲು ನಾಲ್ಕರಿಂದ ಆರು ವಾರ ಬರಿಯ ನಡಿಗೆಯನ್ನೇ ರೂಢಿಸಿಕೊಂಡು, ದಿನಕ್ಕೆ 30 ನಿಮಿಷ ಬಿರುಸಾಗಿ ನಡೆಯಬಲ್ಲವರಾಗುವುದು ಒಳ್ಳೆಯದು.

ಅನಾರೋಗ್ಯ, ಮದುವೆ, ಸುಗ್ಗಿಯ ಕೆಲಸಗಳಿಂದ ಅಭ್ಯಾಸ ತಪ್ಪುವುದು ಸಾಮಾನ್ಯ. ಒಂದು ವಾರ ತಪ್ಪಿದರೆ ಹಿಂದಿನ ವಾರದ ಅಭ್ಯಾಸದಿಂದಲೂ, ಮೂರು ವಾರಕ್ಕಿಂತ ಹೆಚ್ಚು ತಪ್ಪಿದರೆ ಮೂರು ನಾಲ್ಕು ವಾರ ಹಿಂದಿನ ಹಂತದಿಂದಲೂ ಮುಂದುವರಿಯಬಹುದು. ತಪ್ಪಿದ ದಿನಗಳನ್ನು ಒಂದೇ ವಾರದಲ್ಲಿ ತುಂಬಿಸಿಕೊಳ್ಳುವ ಪ್ರಯತ್ನವೇ ಗಾಯಕ್ಕೆ ದಾರಿ.

=== ಶೇಕಡಾ ಹತ್ತರ ನಿಯಮ ===

ವಾರದ ಓಟವನ್ನು ಹಿಂದಿನ ವಾರಕ್ಕಿಂತ ಶೇ. 10ಕ್ಕಿಂತ ಹೆಚ್ಚಿಸಬಾರದೆಂಬ ನಿಯಮ ಓಟಗಾರರಲ್ಲಿ ಜನಪ್ರಿಯವಾಗಿದೆ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಗ್ರೋನಿಂಗನ್ ಅಧ್ಯಯನವು ಹೊಸ ಓಟಗಾರರ ಎರಡು ಗುಂಪುಗಳಲ್ಲಿ ಇದನ್ನು ಪರೀಕ್ಷಿಸಿತು. ಒಂದು ಗುಂಪು ಈ ನಿಯಮದಂತೆ 13 ವಾರಗಳ ಕ್ರಮವನ್ನೂ ಇನ್ನೊಂದು ಗುಂಪು 8 ವಾರಗಳ ಸಾಮಾನ್ಯ ಕ್ರಮವನ್ನೂ ಅನುಸರಿಸಿದವು. ಗಾಯಗೊಂಡವರ ಪ್ರಮಾಣ ಕ್ರಮವಾಗಿ ಶೇ. 20.8 ಮತ್ತು ಶೇ. 20.3 ಇದ್ದು, ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ. ಎರಡೂ ಗುಂಪುಗಳಲ್ಲಿ ಐವರಲ್ಲಿ ಒಬ್ಬರಿಗೆ ಗಾಯವಾಯಿತೆಂಬುದು ಇಲ್ಲಿ ಮುಖ್ಯ. ಯಾವ ಲೆಕ್ಕಾಚಾರವೂ ಗಾಯದಿಂದ ಪೂರ್ಣ ರಕ್ಷಣೆ ನೀಡದು. ಕಾಗದದ ಮೇಲಿನ ವೇಳಾಪಟ್ಟಿಗಿಂತ ದೇಹ ಕೊಡುವ ಸೂಚನೆಗೆ ಮನ್ನಣೆ ಕೊಡಬೇಕಾಗುತ್ತದೆ.

== ವೈದ್ಯಕೀಯ ಎಚ್ಚರಿಕೆಗಳು ==

ಹೃದ್ರೋಗ, ಮಧುಮೇಹ, ಹತೋಟಿಗೆ ಬಾರದ ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ ಅಥವಾ ಅಸ್ತಮಾ ಇರುವವರು, ಕುಟುಂಬದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವು ಸಂಭವಿಸಿದವರು, ಬಾಣಂತನದ ನಂತರ ವ್ಯಾಯಾಮಕ್ಕೆ ಮರಳುವವರು ಓಟವನ್ನು ಆರಂಭಿಸುವ ಮೊದಲು ವೈದ್ಯರ ಸಲಹೆ ಪಡೆಯಬೇಕು. ನಡೆಯುವಾಗಲೇ ಎದೆನೋವು ಅಥವಾ ಅಸಹಜ ಏದುಸಿರು ಬರುವವರಿಗೆ ತಪಾಸಣೆ ಕಡ್ಡಾಯವೆಂದೇ ಭಾವಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆಯ ಮಟ್ಟವನ್ನು ಬಹಳ ಇಳಿಸಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಓಡಬಾರದು ಮತ್ತು ಸಕ್ಕರೆ ಅಥವಾ ಗ್ಲೂಕೋಸನ್ನು ಜೊತೆಗೆ ಇಟ್ಟುಕೊಳ್ಳಬೇಕು. ಜ್ವರವಿರುವಾಗ ಓಡುವುದು ಹೃದಯದ ಸ್ನಾಯುವಿಗೆ ಹಾನಿಕರವಾಗಬಹುದು.

ಓಡುವಾಗ ಕೆಳಗಿನ ಯಾವುದೇ ಲಕ್ಷಣ ಕಂಡರೂ ತಕ್ಷಣ ನಿಲ್ಲಿಸಬೇಕು:

* ಎದೆಯಲ್ಲಿ ಒತ್ತಿದಂತಹ ನೋವು, ಅಥವಾ ಎಡಗೈ, ದವಡೆ, ಬೆನ್ನಿಗೆ ಹರಿಯುವ ನೋವು
* ತಲೆಸುತ್ತು, ಕಣ್ಣು ಕತ್ತಲಿಡುವುದು, ಪ್ರಜ್ಞೆ ತಪ್ಪುವುದು
* ವೇಗ ತಗ್ಗಿಸಿದರೂ ಇಳಿಯದ ಏದುಸಿರು ಅಥವಾ ಲಯ ತಪ್ಪಿದ ಎದೆಬಡಿತ
* ಶ್ರಮಕ್ಕೆ ಮೀರಿದ ತಣ್ಣನೆಯ ಬೆವರು

ಇಂತಹ ಲಕ್ಷಣಗಳನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಿ ಮನೆಯಲ್ಲಿ ಉಳಿಯುವುದು ಅಪಾಯಕರ. 108 ಸಂಖ್ಯೆಗೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ರಾಜ್ಯದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷೆ ನಡೆಸಿ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಉದ್ದೇಶವುಳ್ಳದ್ದು.

== ಸಾಮಾನ್ಯ ಗಾಯಗಳು ==

ಮಂಡಿಯ ಕೆಳಗೆ ಕಾಲಿನ ಮೂಳೆಯ ಒಳಅಂಚಿನಲ್ಲಿ ಬರುವ ನೋವನ್ನು ‘ಶಿನ್ ಸ್ಪ್ಲಿಂಟ್ಸ್’ ಎನ್ನುತ್ತಾರೆ. ಇದು ಆರಂಭಿಕರಲ್ಲಿ ತುಂಬಾ ಸಾಮಾನ್ಯ. ಮಂಡಿಚಿಪ್ಪಿನ ಸುತ್ತಲ ನೋವು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನ ನೋವು, ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಅಂಗಾಲಿನಲ್ಲಿ ಚುಚ್ಚುವ ನೋವು ಇತರ ತೊಂದರೆಗಳು.

ಎರಡು ಬಗೆಯ ನೋವನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯ. ಎರಡೂ ಕಾಲುಗಳ ಸ್ನಾಯುಗಳಲ್ಲಿ ಹರಡಿದಂತಿದ್ದು ಎರಡು ದಿನಗಳಲ್ಲಿ ಇಳಿಯುವ ಮೈಕೈ ನೋವು ಸಹಜವಾದುದು. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿದ್ದು, ಓಡಿದಂತೆ ಹೆಚ್ಚುತ್ತ ಕುಂಟುವಂತೆ ಮಾಡುವ ನೋವು ಗಾಯದ ಸೂಚನೆ. ಇಂತಹ ನೋವು ರಾತ್ರಿ ಮಲಗಿದಾಗಲೂ ಕಾಡಿದರೆ ಮೂಳೆಯ ಬಿರುಕನ್ನು ಶಂಕಿಸಿ ವೈದ್ಯರನ್ನು ಕಾಣಬೇಕು. ನೋವುನಿವಾರಕ ಮಾತ್ರೆ ನುಂಗಿ ಓಟವನ್ನು ಮುಂದುವರಿಸುವುದು ಗಾಯವನ್ನು ಮರೆಸುತ್ತದೆ, ವಾಸಿಮಾಡುವುದಿಲ್ಲ.

ಓಟದಿಂದ ಮಂಡಿ ಸವೆಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. 2017ರಲ್ಲಿ ಪ್ರಕಟವಾದ ಹಲವು ಅಧ್ಯಯನಗಳ ಸಮಗ್ರ ವಿಶ್ಲೇಷಣೆಯಲ್ಲಿ ಮಂಡಿ ಮತ್ತು ಸೊಂಟದ ಕೀಲುಗಳ ಸವೆತವು ಹವ್ಯಾಸಿ ಓಟಗಾರರಲ್ಲಿ ಶೇ. 3.5ರಷ್ಟಿದ್ದರೆ ಓಡದೆ ಕುಳಿತೇ ಕಾಲ ಕಳೆಯುವವರಲ್ಲಿ ಶೇ. 10.2ರಷ್ಟಿತ್ತು. ಉನ್ನತ ಮಟ್ಟದ ಸ್ಪರ್ಧಿಗಳಲ್ಲಿ ಮಾತ್ರ ಇದು ಶೇ. 13.3ಕ್ಕೆ ಏರಿತ್ತು. ಈಗಾಗಲೇ ಮಂಡಿ ಸವೆದವರಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ.

== ನೇಮಕಾತಿ ಪರೀಕ್ಷೆಗೆ ಸಿದ್ಧತೆ ==

ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡುಗಳಲ್ಲಿಯೂ ಮಹಿಳೆಯರು 400 ಮೀಟರನ್ನು 2 ನಿಮಿಷಗಳಲ್ಲಿಯೂ ಓಡಿ ಮುಗಿಸಬೇಕಾಗಿದೆ. ನಿಯಮಗಳು ಬದಲಾಗಬಹುದಾದ್ದರಿಂದ ಆಯಾ ಅಧಿಸೂಚನೆಯನ್ನು ಪರಿಶೀಲಿಸಬೇಕು. ಪುರುಷರ ಗುರಿಯು 400 ಮೀಟರಿನ ಪ್ರತಿ ಸುತ್ತಿಗೆ 97.5 ಸೆಕೆಂಡಿನಂತೆ ನಾಲ್ಕು ಸುತ್ತಾಗುತ್ತದೆ. 5 ಕಿಲೋಮೀಟರನ್ನು 40 ನಿಮಿಷಗಳಲ್ಲಿ ಓಡುವ ಆರಂಭಿಕನ ವೇಗ ಕಿಲೋಮೀಟರಿಗೆ 8 ನಿಮಿಷ. ಪರೀಕ್ಷೆಗೆ ಬೇಕಾದ ವೇಗ ಇದರ ಸುಮಾರು ಎರಡರಷ್ಟು.

ಅಧಿಸೂಚನೆ ಹೊರಬಿದ್ದ ಮೇಲೆ ಅಭ್ಯಾಸ ಆರಂಭಿಸಿ, ಮೊದಲ ದಿನದಿಂದಲೇ ಪರೀಕ್ಷೆಯ ವೇಗದಲ್ಲಿ ನಿತ್ಯವೂ ಓಡಿ, ಪರೀಕ್ಷೆಯ ಹೊತ್ತಿಗೆ ಕಾಲುನೋವಿನಿಂದ ಹಿಂದುಳಿಯುವುದು ಅಭ್ಯರ್ಥಿಗಳ ಸಾಮಾನ್ಯ ಅನುಭವ. ಉದ್ಯೋಗವೇ ಪಣವಾಗಿರುವಾಗ ಆತುರ ಸಹಜ. ಆದರೆ ಮೂಳೆ ಕಟ್ಟಿಕೊಳ್ಳುವ ವೇಗ ಅಧಿಸೂಚನೆಯನ್ನು ಅವಲಂಬಿಸಿಲ್ಲ. ಆದ್ದರಿಂದ ಅಭ್ಯರ್ಥಿಗಳು ಅಧಿಸೂಚನೆಗೆ ಕಾಯದೆ ತರಬೇತಿ ಆರಂಭಿಸುವುದು ಸೂಕ್ತ. ಒಂಬತ್ತು ವಾರಗಳ ಕ್ರಮದಲ್ಲಿ ತಳಪಾಯ ಹಾಕಿಕೊಂಡ ನಂತರ ಇನ್ನೆರಡು ತಿಂಗಳು ವಾರದ ಮೂರು ದಿನಗಳಲ್ಲಿ ಒಂದನ್ನು ಮಾತ್ರ ವೇಗದ ಅಭ್ಯಾಸಕ್ಕೆ ಮೀಸಲಿಡಬಹುದು: ಮೊದಲು 200 ಮೀಟರ್, ಅನಂತರ 400 ಮೀಟರ್ ದೂರವನ್ನು ಪರೀಕ್ಷೆಯ ವೇಗದಲ್ಲಿ ಓಡಿ, ಪೂರ್ಣ ಉಸಿರು ಮರಳುವವರೆಗೆ ನಡೆದು, ಪುನರಾವರ್ತಿಸುವುದು. ಉಳಿದೆರಡು ದಿನ ನಿಧಾನ ಓಟವೇ ಸಾಕು. ಪೂರ್ಣ 1,600 ಮೀಟರನ್ನು ಗಡಿಯಾರವಿಟ್ಟು ಎರಡು ಮೂರು ವಾರಗಳಿಗೊಮ್ಮೆ ಅಳೆದರೆ ಪ್ರಗತಿ ತಿಳಿಯುತ್ತದೆ.

== ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಪರಿಸರದಲ್ಲಿ ==

ಹಾಸನ ಜಿಲ್ಲೆಯ ಈ ಊರುಗಳು ಸಮುದ್ರಮಟ್ಟದಿಂದ ಸುಮಾರು 800ರಿಂದ 1,000 ಮೀಟರ್ ಎತ್ತರದಲ್ಲಿವೆ. ಈ ಎತ್ತರದಿಂದ ಉಸಿರಾಟಕ್ಕೆ ಹೇಳಿಕೊಳ್ಳುವಂತಹ ತೊಂದರೆಯಿಲ್ಲ. ಬದಲಾಗಿ ಬೆಳಗಿನ ತಂಪು ಓಟಕ್ಕೆ ಅನುಕೂಲಕರ. ತೆಂಗಿನ ನಾಡಾದ ಅರಸೀಕೆರೆ ಬಯಲುಸೀಮೆಗೆ ಸೇರಿದ್ದು ಮಳೆ ಕಡಿಮೆ, ಬಿಸಿಲು ಹೆಚ್ಚು. ಬೇಲೂರು ಮಲೆನಾಡಿನ ಅಂಚಿನಲ್ಲಿದ್ದು ಮುಂಗಾರಿನಲ್ಲಿ ಮಳೆ ಹೆಚ್ಚು. ಹೀಗಾಗಿ ಅರಸೀಕೆರೆಯಲ್ಲಿ ಮಾರ್ಚ್–ಮೇ ತಿಂಗಳುಗಳ ಬಿಸಿಲನ್ನೂ ಬೇಲೂರಿನಲ್ಲಿ ಜೂನ್–ಆಗಸ್ಟ್ ತಿಂಗಳುಗಳ ಜಾರುವ ನೆಲವನ್ನೂ ಗಮನಿಸಿ ಅಭ್ಯಾಸವನ್ನು ಯೋಜಿಸಬೇಕಾಗುತ್ತದೆ. ಮಳೆಗಾಲ ಮುಗಿದ ನಂತರದ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಒಂಬತ್ತು ವಾರಗಳ ಕ್ರಮಕ್ಕೆ ಪ್ರಶಸ್ತವಾದುದು. ಜನವರಿಯಲ್ಲಿ ಸೂರ್ಯೋದಯ 6:45ರ ಸುಮಾರಿಗೆ ಆಗುವುದರಿಂದಲೂ ಮಂಜು ಕವಿಯುವುದರಿಂದಲೂ ಕತ್ತಲಲ್ಲಿ ರಸ್ತೆಗಿಳಿಯದೆ ಬೆಳಕಾದ ಮೇಲೆ ಹೊರಡುವುದು ಕ್ಷೇಮ.

ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಈ ಮೂರೂ ಊರುಗಳನ್ನು ಜೋಡಿಸುತ್ತದೆ. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ಹೆದ್ದಾರಿಯಲ್ಲಿ ಪ್ರವಾಸಿಗರ ವಾಹನಗಳೂ ಓಡಾಡುತ್ತವೆ. ಹೆದ್ದಾರಿಯ ಅಂಚಿನಲ್ಲಿ ಓಡುವುದಕ್ಕಿಂತ ಶಾಲಾ ಕಾಲೇಜುಗಳ ಮೈದಾನ, ಕೆರೆಯ ಏರಿ, ವಾಹನ ವಿರಳವಾದ ಹಳ್ಳಿಯ ರಸ್ತೆಗಳು ಮೇಲು. ರಸ್ತೆಯನ್ನೇ ಬಳಸಬೇಕಾದಾಗ ಎದುರಿನ ವಾಹನಗಳು ಕಾಣುವಂತೆ ಬಲಬದಿಯಲ್ಲಿ ಓಡಬೇಕು ಮತ್ತು ತಿಳಿಬಣ್ಣದ ಬಟ್ಟೆ ತೊಡಬೇಕು. ಅರಸೀಕೆರೆ ಸಮೀಪದ ಮಾಲೇಕಲ್ ತಿರುಪತಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವುದು ಹೃದಯಕ್ಕೂ ತೊಡೆಗಳಿಗೂ ಒಳ್ಳೆಯ ವ್ಯಾಯಾಮ. ಆದರೆ ಮೆಟ್ಟಿಲುಗಳನ್ನು ಓಡಿ ಇಳಿಯುವುದು ಮಂಡಿಗೆ ಹೆಚ್ಚಿನ ಹೊರೆಯಾದ್ದರಿಂದ ಆರಂಭಿಕರಿಗೆ ತಕ್ಕುದಲ್ಲ.

ಊರುಗಳಲ್ಲಿ ಹೆಂಗಸರು ಒಂಟಿಯಾಗಿ ಓಡಲು ಹಿಂಜರಿಯುವುದುಂಟು. ಇಬ್ಬರು ಮೂವರು ಜೊತೆಗೂಡಿ ಮೈದಾನದಲ್ಲಿ ಅಭ್ಯಾಸ ಮಾಡಿದರೆ ಸುರಕ್ಷತೆ ಹೆಚ್ಚುವುದಲ್ಲದೆ ಅಭ್ಯಾಸವೂ ತಪ್ಪುವುದಿಲ್ಲ. ನಡಿಗೆ ಬೆರೆತ ಓಟಕ್ಕೆ ಚೂಡಿದಾರ್ ಸಾಕಾಗುತ್ತದೆ. ದುಪಟ್ಟಾವನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಬೀದಿನಾಯಿಗಳು ಬೆನ್ನಟ್ಟಿದಾಗ ಓಟ ನಿಲ್ಲಿಸಿ ನಿಧಾನವಾಗಿ ನಡೆಯುವುದು ಉತ್ತಮ. ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ರೇಬಿಸ್ ಲಸಿಕೆ ಪಡೆಯಬೇಕು.

== ಸಲಕರಣೆ ಮತ್ತು ಆಹಾರ ==

ಈ ತರಬೇತಿಗೆ ಅಗತ್ಯವಾದ ಏಕೈಕ ಸಲಕರಣೆ ಕಾಲಿಗೆ ಹೊಂದುವ ಶೂ. ಹೆಬ್ಬೆರಳಿನ ಮುಂದೆ ಅರ್ಧ ಅಂಗುಲ ಜಾಗವಿದ್ದು, ಹಿಮ್ಮಡಿ ಜಾರದೆ, ಹಾಕಿದೊಡನೆ ಹಿತವೆನಿಸಬೇಕು. ಬೆಲೆ ಹೆಚ್ಚಾದಂತೆ ಗಾಯ ಕಡಿಮೆಯಾಗುತ್ತದೆಂಬುದಕ್ಕೆ ಖಚಿತ ಆಧಾರವಿಲ್ಲ. ಬರಿಗಾಲಲ್ಲಿ ನಡೆದು ರೂಢಿಯಿರುವವರು ಹುಲ್ಲಿನ ಮೈದಾನದಲ್ಲಿ ಹಾಗೆಯೇ ಓಡಬಹುದಾದರೂ ಮಧುಮೇಹಿಗಳು ಬರಿಗಾಲಲ್ಲಿ ಓಡಬಾರದು. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಗಾಯ ಅರಿವಿಗೆ ಬಾರದೆ ವ್ರಣವಾಗಬಹುದು.

ಅರ್ಧ ಗಂಟೆಯ ಅಭ್ಯಾಸಕ್ಕೆ ವಿಶೇಷ ಆಹಾರವಾಗಲಿ ಪೌಷ್ಟಿಕ ಪುಡಿಗಳಾಗಲಿ ಬೇಕಿಲ್ಲ. ಹೊರಡುವ ಮೊದಲು ಒಂದು ಬಾಳೆಹಣ್ಣು, ಬಂದ ಮೇಲೆ ನೀರು, ಮಜ್ಜಿಗೆ ಅಥವಾ ಎಳನೀರು ಮತ್ತು ಎಂದಿನ ತಿಂಡಿ ಸಾಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕವಾಗಿರುವುದನ್ನು ಗಮನಿಸಬೇಕು. ತೂಕ ಇಳಿಸುವುದಕ್ಕೆ ಓಟವೊಂದೇ ಸಾಲದು, ಆಹಾರದ ಮಿತಿಯೂ ಬೇಕಾಗುತ್ತದೆ. ಆದರೆ ತೂಕ ಇಳಿಯದಿದ್ದರೂ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ನಿದ್ರೆಯಲ್ಲಿ ಸುಧಾರಣೆ ಕಾಣಬಹುದು.

== ತರಬೇತಿಯ ನಂತರ ==

ಒಂಬತ್ತನೆಯ ವಾರದ ಕೊನೆಗೆ ಎಲ್ಲರೂ 5 ಕಿಲೋಮೀಟರ್ ತಲುಪುವುದಿಲ್ಲ. ಕಿಲೋಮೀಟರಿಗೆ 8 ನಿಮಿಷದಂತೆ ಓಡುವವರು 30 ನಿಮಿಷಗಳಲ್ಲಿ ಕ್ರಮಿಸುವ ದೂರ 3.75 ಕಿಲೋಮೀಟರ್. ಕಾರ್ಯಕ್ರಮದ ನಿಜವಾದ ಸಾಧನೆ ಅರ್ಧ ಗಂಟೆಯ ನಿರಂತರ ಓಟವೇ ಹೊರತು ದೂರವಲ್ಲ. ಅದನ್ನು ವಾರಕ್ಕೆ ಮೂರು ಬಾರಿ ಮುಂದುವರಿಸಿದರೆ 90 ನಿಮಿಷವಾಗಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ತೀವ್ರ ಶ್ರಮದ ಕನಿಷ್ಠ ಮಿತಿ ಪೂರೈಸುತ್ತದೆ. ಮುಂದೆ 10 ಕಿಲೋಮೀಟರ್ ಅಥವಾ ಹೆಚ್ಚಿನ ದೂರಗಳಿಗೆ ಸಾಗುವವರು ಅವಧಿ, ವೇಗ, ವಾರದ ದಿನಗಳು ಇವುಗಳಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಹೆಚ್ಚಿಸಬೇಕು. ಅಭ್ಯಾಸವನ್ನು ಪೂರ್ತಿ ಬಿಟ್ಟರೆ ಗಳಿಸಿದ ದಮ್ಮು ಕೆಲವೇ ವಾರಗಳಲ್ಲಿ ಕುಗ್ಗತೊಡಗುತ್ತದೆ. ವಾರಕ್ಕೆ ಎರಡು ಬಾರಿಯ ಓಟವಾದರೂ ಅದರ ಬಹುಭಾಗವನ್ನು ಉಳಿಸಿಕೊಡುತ್ತದೆ.

== ಇವನ್ನೂ ನೋಡಿ ==

* ಓಟ
* ನಡಿಗೆ
* ಮ್ಯಾರಥಾನ್
* ಹೃದಯಾಘಾತ
* ಮಧುಮೇಹ
* ಹಾಸನ ಜಿಲ್ಲೆ